ರಾಕ್ಷಸನ ಬೆನ್ನು ತುರಿಸಿದವಳು

ಅಂಗಡಿಗೆ ಹೋದರೆ ಸಾಮಾನನ್ನು ಕಣ್ಣು ಮುಚ್ಚಿ ಮುಟ್ಟಿ ನೋಡುವ ಚಾಳಿ ನನಗಿದೆ. ತೊಗರಿಬೇಳೆಯಾಗಲಿ, ಟವೆಲ್ಲಾಗಲಿ, ಹೊಸ್ತಿಲ ಮುಂದೆ ಹಾಸುವ ನಾರಿನ ಮ್ಯಾಟಾಗಲಿ, ಮೊದಲು ಕಣ್ಣು ಮುಚ್ಚಬೇಕು, ಆಮೇಲೆ ಕೈ ಇಡಬೇಕು. ಮೊನ್ನೆ ಗದಗಿನ ಒಂದು ಅಂಗಡಿಯಲ್ಲಿ ಮ್ಯಾಟಿನ ಮೇಲೆ ಹೀಗೆ ಕೈಯಾಡಿಸುತ್ತ ನಿಂತವಳು ನನಗರಿವಿಲ್ಲದೆಯೇ "ಇದು ಅವನ ಗಡ್ಡ" ಅಂದುಬಿಟ್ಟೆ. ಅಂಗಡಿಯವರು "ಯಾರ ಗಡ್ಡರೀ?" ಎಂದರು. "ರಾಕ್ಷಸಂದು" ಎಂದೆ. ಅವರು ನನ್ನ ನರೆತ ತಲೆಯನ್ನೂ ಕೈಚೀಲವನ್ನೂ ಒಮ್ಮೆ ನೋಡಿ, "ಬಿಸಲಾಗ ಬಂದೀರಿ. ಸ್ವಲ್ಪ ಕುಂಡ್ರಿ, ನೀರ ಕುಡೀರಿ" ಎಂದು ಕುರ್ಚಿಯನ್ನು ಮುಂದೆ ತಳ್ಳಿದರು.

ಅವರ ತಪ್ಪಲ್ಲ. ಈ ಚಾಳಿ ನನಗೆ ಅಂಟಿದ್ದು ಲಕ್ಷ್ಮೇಶ್ವರದಲ್ಲಿ, ಅಂಟಿಸಿದವಳು ಆರು ವರ್ಷದ ಒಬ್ಬ ಹುಡುಗಿ. ಆಕೆಯ ವಿಷಯ ಹೇಳಬೇಕೆಂದರೆ ಮೊದಲು ಒಂದು ಪುಸ್ತಕದ ವಿಷಯ ಹೇಳಬೇಕು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿಯವರೆಗೆ ಯಾವುದೇ ಕೆಲಸವಿದ್ದರೂ ಧಾರವಾಡದ ಕಡೆ ಮುಖ ಮಾಡುತ್ತಿದ್ದ ನಾವು ಈಗ ಗದಗಿನ ಬಸ್ಸು ಹತ್ತುತ್ತಿದ್ದೆವು. ಕಚೇರಿಗಳ ಬೋರ್ಡುಗಳಿಂದ ಇನ್ನೂ ಬಣ್ಣದ ವಾಸನೆ ಬರುತ್ತಿತ್ತು. ಹೊಸ ಜಿಲ್ಲೆಯ ಹುರುಪಿನಲ್ಲಿ ನಮ್ಮ ಪ್ರಾಥಮಿಕ ಶಾಲೆಗೆ ಒಂದು ತಗಡಿನ ಟ್ರಂಕು ಬಂತು. ಅದರ ತುಂಬ ಮಕ್ಕಳ ಬಣ್ಣದ ಪುಸ್ತಕಗಳು. ಹೆಡ್‌ಮಾಸ್ತರರು ಒಂದೊಂದನ್ನೇ ತೆಗೆದು, ಮೂಸಿ, ಮತ್ತೆ ಟ್ರಂಕಿನಲ್ಲಿಟ್ಟು, ನಡುನಡುವೆ ನುಸಿಗುಳಿಗೆ ಹಾಕಿ ಬೀಗ ಜಡಿದರು. "ಹುಡುಗರ ಕೈಗೆ ಕೊಟ್ರ ವಾರದಾಗ ಚಿಂದಿ ಆಕ್ಕಾವ್ರಿ, ಅಕ್ಕೋರ. ತಪಾಸಣಿಗೆ ಬಂದವ್ರಿಗೆ ಆಮ್ಯಾಲೆ ಏನ ತೋರಸೂದು?" ಎಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಾನು ಆಗ ಆ ಶಾಲೆಯ ಸಣ್ಣ ಅಕ್ಕೋರು. ದೊಡ್ಡವರ ಮಾತಿಗೆ ಹೂಂ ಅನ್ನುವುದೇ ನೌಕರಿಯ ಅರ್ಧ ಭಾಗ ಎಂದು ತಿಳಿದಿದ್ದವಳು.

ಟ್ರಂಕಿನಲ್ಲಿದ್ದ ಒಂದು ಪುಸ್ತಕಕ್ಕೆ ರಟ್ಟು ಹರಿದುಹೋಗಿತ್ತು. ಹಾಗಾಗಿ ಅದರ ಹೆಸರೇನು, ಬರೆದವರು ಯಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ದಪ್ಪ ಹಾಳೆಯ ಆ ಪುಸ್ತಕದಲ್ಲಿ ಪುಟಕ್ಕೊಬ್ಬ ರಾಕ್ಷಸನಿದ್ದ. ಅದು ಓದುವ ಪುಸ್ತಕ ಅನ್ನುವುದಕ್ಕಿಂತ ಕೆಲಸ ಹಚ್ಚುವ ಪುಸ್ತಕ. ಹಸಿರು ರಾಕ್ಷಸನ ಬೆನ್ನಿಗೆ ಒರಟು ಬಟ್ಟೆಯ ತುಂಡು ಅಂಟಿಸಿದ್ದರು. ಅವನು "ನನ್ನ ಬೆನ್ನು ತುರಿಸಿ. ಇನ್ನೂ ಮೇಲೆ. ಇನ್ನೂ ಸ್ವಲ್ಪ ಮೇಲೆ. ಅಯ್ಯೋ, ಅದು ನನ್ನ ಕಿವಿ" ಎನ್ನುತ್ತಿದ್ದ. ಇನ್ನೊಬ್ಬನ ಹೊಟ್ಟೆಗೆ ತೂತು. ಅವನಿಗೆ ಏನಾದರೂ ತಿನ್ನಿಸಬೇಕು, ಆದರೆ ಬೆರಳು ಹಾಕಬಾರದು, ಬೆರಳು ಉಪ್ಪಾಗಿರುತ್ತವಂತೆ. ಮತ್ತೊಬ್ಬನಿಗೆ ಕೆಂಪು ರಿಬ್ಬನ್ನಿನ ನಾಲಿಗೆ, ಎಳೆದರೆ ಉದ್ದ ಬರುವಂಥದು. ಕೊನೆಯ ಪುಟದಲ್ಲಿ ಒಂದು ಮಂಚ. ಅದರ ಮೇಲೆ ಬಟ್ಟೆಯ ಹೊದಿಕೆ, ಒಂದು ಅಂಚು ಮಾತ್ರ ಅಂಟಿಸಿದ್ದು. ಕೆಳಗೆ "ನನ್ನ ಹೊದಿಕೆ ಎತ್ತಬೇಡಿ. ನಾನಿಲ್ಲಿ ಇಲ್ಲ" ಎಂದು ಬರೆದಿತ್ತು.

ನಾಲಿಗೆಯ ರಾಕ್ಷಸನ ನಾಲಿಗೆ ಬರುವಾಗಲೇ ಎಲ್ಲೋ ಕಿತ್ತುಹೋಗಿ ಬುಡದ ಚೂರಷ್ಟೇ ಉಳಿದಿತ್ತು. ಬೇಸಿಗೆ ರಜೆ ಹತ್ತಿರ ಬಂದಾಗ ಹೆಡ್‌ಮಾಸ್ತರರು ಆ ಪುಸ್ತಕವನ್ನು ಹಾಳೆಯಲ್ಲಿ ಸುತ್ತಿ ನನಗೆ ಕೊಟ್ಟರು. "ಸೂಟ್ಯಾಗ ಹೊಲದುಕೊಂಡ ಬರ್ರಿ. ಭಾಳ ಮಂದಿಗೆ ತೋರಸಬ್ಯಾಡ್ರಿ."

ರಾಕ್ಷಸರ ಜೊತೆ ನನ್ನ ಸಂಬಂಧ ಅಷ್ಟು ಸರಿಯಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕುರ್ತಕೋಟಿಯಲ್ಲಿ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವು ನಮ್ಮ ಮನೆಯ ಮುಂದೆಯೇ ಇತ್ತು. ಮಕ್ಕಳು ಅದರಲ್ಲಿ ಬೀಳಬಾರದೆಂದು ನಮ್ಮಜ್ಜಿ ಅದರೊಳಗೆ ಒಬ್ಬ ಗುಮ್ಮನನ್ನು ಸಾಕಿದ್ದಳು. ಅವನು ಹಸಿ ಜೋಳ ತಿನ್ನುತ್ತಿದ್ದ, ಜೋಳ ಸಾಲದಿದ್ದರೆ ನನ್ನ ವಯಸ್ಸಿನವರನ್ನು ತಿನ್ನುತ್ತಿದ್ದ. ಹಗೇವು ಮುಚ್ಚಿ ಅದರ ಮೇಲೆ ಹಂದರ ಹಾಕಿ ನನ್ನ ಅಕ್ಕನ ಮದುವೆ ಮಾಡಿದರು. ಆಗಲೂ ನಾನು ಆ ಜಾಗವನ್ನು ಬಿಟ್ಟು ಊಟಕ್ಕೆ ಕೂತೆ. ಹೈಸ್ಕೂಲು ಮುಗಿಯುವ ತನಕ ಸಂಜೆಯಾದ ಮೇಲೆ ಹಿತ್ತಲಿಗೆ ಒಬ್ಬಳೇ ಹೋದವಳಲ್ಲ. ಅಂಥವಳು ರಾಕ್ಷಸರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ.

ಆಗ ನಾನು ಬಾಡಿಗೆಗಿದ್ದ ಕೋಣೆಯ ಪಕ್ಕದ ಮನೆ ಗಾದಿ ಹೊಲೆಯುವ ದಾವಲಸಾಬರದು. ಅವರು ದೊಡ್ಡ ಬಿಲ್ಲೊಂದನ್ನು ಮೀಟಿ ಅರಳೆ ಹಿಂಜುತ್ತಿದ್ದರು, ಹೆಂಡತಿ ಫಾತಿಮಾ ಗಾದಿಗೆ ಟಾಕು, ಅಂದರೆ ಹೊಲಿಗೆ, ಹಾಕುತ್ತಿದ್ದಳು. ಲಗ್ನದ ದಿನಗಳಲ್ಲಿ ಇಬ್ಬರಿಗೂ ತಲೆಯೆತ್ತಲು ಬಿಡುವಿರುತ್ತಿರಲಿಲ್ಲ. ಅವರ ಮಗಳು ಬೀಬಿಜಾನ್. ಎಲ್ಲರಿಗೂ ಬೀಬಿ. ಹುಟ್ಟಿನಿಂದಲೇ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಹಗಲೆಲ್ಲ ಆಕೆಯನ್ನು ನೋಡಿಕೊಳ್ಳುತ್ತಿದ್ದವಳು ದಾವಲಸಾಬರ ತಾಯಿ ಹುಸೇನಬಿ. ಬೀಬಿ ಅವಳನ್ನು ಆಯಿ ಅನ್ನುತ್ತಿದ್ದಳು, ನಾವೂ ಹಾಗೇ ಅನ್ನುತ್ತಿದ್ದೆವು.

ಬೀಬಿಗೆ ಕಣ್ಣಿಲ್ಲದ್ದು ಆ ಮನೆಯವರಿಗೆ ರೂಢಿಯಾಗಿತ್ತು. ಅವರನ್ನು ಕಂಗೆಡಿಸಿದ್ದು ಆಕೆಯ ಕೈ. ಹಿಂದಿನ ವರ್ಷ ಒಂದು ಮುಂಜಾನೆ ಆಯಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳವೆಂದರೆ ಬೀಬಿಗೆ ಜೀವ. ಸಪ್ಪಳದ ಬೆನ್ನು ಹತ್ತಿ ನೆಲ ತಡವುತ್ತ ಬಂದವಳು ಎರಡೂ ಅಂಗೈಗಳನ್ನು ಸುಡುವ ಹಂಚಿನ ಮೇಲೆ ಊರಿಬಿಟ್ಟಳು. ಗಾಯವೇನೋ ಮಾಯಿತು. ಬೆರಳುಗಳಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಬೀಬಿ ಆಮೇಲೆ ಯಾವುದನ್ನೂ ಮುಟ್ಟಲಿಲ್ಲ. ಎಚ್ಚರವಿರುವಷ್ಟು ಹೊತ್ತು ಮುಷ್ಟಿ ಬಿಗಿಹಿಡಿದು ಕಂಕುಳಲ್ಲಿಟ್ಟುಕೊಳ್ಳುವಳು. ನಿದ್ದೆಯಲ್ಲಿ ಮಾತ್ರ ಅವು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವಂತೆ. ಆಗ ಆಯಿ ಅವುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಊಟ ಮಾಡಿಸುವುದು, ಜಡೆ ಹೆಣೆಯುವುದು, ಮುಖದ ಮೇಲಿನ ನೊಣ ಓಡಿಸುವುದು ಎಲ್ಲ ಆಯಿಯದೇ.

ಗದಗಿನಲ್ಲಿ ಕಣ್ಣಿಲ್ಲದ ಮಕ್ಕಳನ್ನು ಅಲ್ಲೇ ಇಟ್ಟುಕೊಂಡು ಓದು ಕಲಿಸುವ ಶಾಲೆಯಿದೆ ಎಂದು ಯಾರೋ ಹೇಳಿದ್ದರಿಂದ ದಾವಲಸಾಬರು ಒಮ್ಮೆ ಮಗಳನ್ನು ಹೊತ್ತುಕೊಂಡು ಹೋಗಿಬಂದಿದ್ದರು. ಅಲ್ಲಿನ ಮಾಸ್ತರರು ಬೀಬಿಯ ಜೊತೆ ಮಾತಾಡಿ, ಹುಡುಗಿ ಚುರುಕಿದ್ದಾಳೆ ಎಂದು ಮೆಚ್ಚಿಕೊಂಡು, ಮುಷ್ಟಿಯ ಸಂಗತಿ ತಿಳಿದ ಮೇಲೆ ಹೇಳಿದರಂತೆ: "ನಮ್ಮ ಓದೆಲ್ಲ ಬೆರಳಿಂದರಿ, ಸಾಬರ. ಬಲವಂತ ಮಾಡಬ್ಯಾಡ್ರಿ. ಆಕಿ ತಾನ ಕೈ ಬಿಚ್ಚಲಿ, ಆಮ್ಯಾಲೆ ಕರಕೊಂಡ ಬರ್ರಿ." ಅವತ್ತಿನಿಂದ ಆ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಆಟಿಕೆ ಕೊಟ್ಟು ನೋಡಿದರು, ಬಳೆ ತೊಡಿಸುತ್ತೇವೆ ಅಂದರು, ಪೇಡೆ ತಂದು ಕೈಗೆ ಹಚ್ಚಿದರು. ಬೀಬಿ ಬಾಯಿ ತೆರೆಯುತ್ತಿದ್ದಳೇ ಹೊರತು ಕೈ ತೆರೆಯಲಿಲ್ಲ.

ರಜೆಯ ಒಂದು ಮುಂಜಾನೆ ನಾನು ಹೊರಗಿನ ಕಟ್ಟೆಯ ಮೇಲೆ ಕೂತು ರಾಕ್ಷಸನ ಬಾಯಿಗೆ ಸೂಜಿ ಚುಚ್ಚುತ್ತಿದ್ದೆ. ಅದೇ ಕಟ್ಟೆಯ ಆಚೆ ತುದಿಯಲ್ಲಿ ಬೀಬಿ ಹೊಸ ಗಾದಿಗಳ ಮೇಲೆ ಕೂತಿದ್ದಳು. ನಾನು ಪುಟ ತಿರುವಿ ಬೆನ್ನು ತುರಿಸುವ ಸಾಲು ಓದಿಕೊಂಡು ನಕ್ಕೆ.

"ಅಕ್ಕೋರ, ಒಬ್ಬರ ಯಾಕ ನಗಾಕತ್ತೀರಿ?"

"ಇಲ್ಲೊಬ್ಬ ರಾಕ್ಷಸ ಅದಾನ. ಬೆನ್ನ ತುರಸು ಅಂತ ಗಂಟ ಬಿದ್ದಾನ."

"ಮತ್ತ ತುರಸ್ರಿ."

"ನನ್ನ ಕೈಯಾಗ ಸೂಜಿ ಐತಲ್ಲ."

ಬೀಬಿ ಕತ್ತು ಈ ಕಡೆ ಹೊರಳಿಸಿದಳು. ಆಮೇಲೆ ಕೇಳಿದಳು: "ಅಂವಾ ಬಿಸಿ ಅದಾನೇನ್ರಿ?"

ನನ್ನ ಸೂಜಿ ನಿಂತಿತು. ಹಗೇವಿನ ಗುಮ್ಮನ ಹಲ್ಲೆಷ್ಟು ಉದ್ದ, ಕಣ್ಣು ಕೆಂಪೋ ಹಳದಿಯೋ, ಕೊಂಬಿದೆಯೋ ಇಲ್ಲವೋ ಎಂದು ಚಿಕ್ಕಂದಿನಲ್ಲಿ ನಾನು ಮಾಡದ ಯೋಚನೆಯಿಲ್ಲ. ಅವನು ಬಿಸಿಯೋ ತಣ್ಣಗೋ ಎಂದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

"ಇಲ್ಲವಾ, ತಣ್ಣಗದಾನ" ಎಂದೆ.

"ಎಲ್ಲದಾನ?"

ಪುಸ್ತಕವನ್ನು ಆಕೆಯ ಹತ್ತಿರ ಸರಿಸಿದೆ. ಕೈ ಬಂದೀತೆಂದು ಕಾದರೆ ಬಂದದ್ದು ಕಾಲು. ಗಾದಿಯ ಮೇಲಿನಿಂದ ಬಲಗಾಲು ಇಳಿಬಿಟ್ಟು, ಹೆಬ್ಬೆರಳಿನಿಂದ ಗಾಳಿಯಲ್ಲಿ ಹುಡುಕತೊಡಗಿದಳು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವಳು ನಾನು. ತಟ್ಟನೆ ಪುಸ್ತಕ ಹಿಂದಕ್ಕೆಳೆದುಕೊಂಡೆ. ಬಾಗಿಲಲ್ಲಿದ್ದ ಆಯಿಯೂ ನೋಡಿದಳು.

"ಏ ಬೀಬಿ, ಪುಸ್ತಕಕ್ಕ ಕಾಲ ಹಚ್ಚತಾರೇನು? ವಿದ್ಯಾ ಇರತೈತಿ ಅದರಾಗ."

"ಆಯಿ, ಅಂವಗ ಬೆನ್ನ ಕೆರೀತೈತಂತ. ಅಕ್ಕೋರಿಗೆ ಕೈ ಬಿಡುವಿಲ್ಲ."

ಆಯಿ ನನ್ನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಹುಡುಗಿಯ ಎರಡೂ ಪಾದಗಳನ್ನು ತೊಳೆದು, ತನ್ನ ಸೆರಗಿನಿಂದ ಬೆರಳ ಸಂದಿಯನ್ನೆಲ್ಲ ಒರೆಸಿದಳು. "ಈಗ ಹಚ್ಚು. ಮೆಲ್ಲಕ" ಎಂದಳು.

ಬೀಬಿಯ ಹೆಬ್ಬೆರಳು ಪುಟದ ಅಂಚಿನಿಂದ ಹೊರಟು ನುಣುಪಾದ ಹಾಳೆಯ ಮೇಲೆ ಜಾರುತ್ತ ಬಂದು ಆ ಬಟ್ಟೆಯ ತುಂಡಿಗೆ ತಾಗಿ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ಆ ತುಂಡಿನ ನಾಲ್ಕೂ ಅಂಚು ಸುತ್ತಿತು. ಆಮೇಲೆ ತುರಿಸತೊಡಗಿತು. "ಇನ್ನೂ ಮೇಲೆ" ಎಂದು ನಾನು ಓದಿದೆ. ಬೆರಳು ಮೇಲೆ ಹೋಯಿತು. "ಅಯ್ಯೋ, ಅದು ನನ್ನ ಕಿವಿ" ಎಂದೆ. ಬೀಬಿ ಗಾದಿಯ ಮೇಲೆ ಹಿಂದಕ್ಕೆ ಬಿದ್ದು ನಕ್ಕಳು. ಮುಷ್ಟಿಗಳು ಮಾತ್ರ ಕಂಕುಳಲ್ಲೇ ಇದ್ದವು. ಎಷ್ಟೋ ವರ್ಷ ಮಕ್ಕಳಿಗೆ ಓದು ಕಲಿಸಿದ್ದೇನೆ, ಕಾಲಬೆರಳಿನಿಂದ ಪುಸ್ತಕ ತೆರೆದವರನ್ನು ಅದೇ ಮೊದಲು ನೋಡಿದ್ದು, ಅದೇ ಕೊನೆ.

ಮರುದಿನದಿಂದ ಮುಂಜಾನೆ ಚಹಾ ಆಗುವ ಮೊದಲೇ ಪಕ್ಕದ ಮನೆಯಿಂದ ಕೂಗು ಬರುತ್ತಿತ್ತು: "ಅಕ್ಕೋರ, ಅವರು ಎದ್ದಾರೇನ್ರಿ?" ಅವರು ಅಂದರೆ ರಾಕ್ಷಸರು. ಆಯಿ ಕಾಲು ತೊಳೆಸಿ ಕಳಿಸುತ್ತಿದ್ದಳು. ನಾಲಿಗೆಗೆ ಯಾವ ಬಟ್ಟೆ ಹೊಲೆಯಬೇಕೆಂದು ತೀರ್ಮಾನಿಸಿದವಳೂ ಬೀಬಿಯೇ. ನಾನು ರಿಬ್ಬನ್ ತಂದರೆ ಕೆನ್ನೆ ಮುಂದೆ ಚಾಚಿದಳು. ಕೆನ್ನೆಗೆ ಹಚ್ಚಿದೆ. "ಇದು ನಾಲಿಗಿ ಅಲ್ಲ, ಜಡಿಗೆ ಕಟ್ಟೂದು" ಎಂದಳು. ಮಖಮಲ್ಲಿನ ತುಂಡು ತಂದೆ. "ಇದು ಬೆಕ್ಕಿನ ಕಿವಿ." ಹಾಗಾದರೆ ನಾಲಿಗೆ ಹೇಗಿರಬೇಕು ಎಂದು ಕೇಳಿದೆ. ತನ್ನ ನಾಲಿಗೆಯನ್ನು ತುಟಿಗೆ ಸವರಿಕೊಂಡು ಯೋಚಿಸಿ, "ಜಾರಬೇಕು. ಸ್ವಲ್ಪ ಜಗ್ಗಬೇಕು" ಎಂದಳು. ಕೊನೆಗೆ ಒಡೆದ ಕೆಂಪು ಪುಗ್ಗೆಯೊಂದನ್ನು, ಅಂದರೆ ಬಲೂನನ್ನು, ಕತ್ತರಿಸಿ ತಂದಾಗ ಕೆನ್ನೆಗೆ ಎರಡು ಸಲ ತಿಕ್ಕಿಸಿಕೊಂಡು ಒಪ್ಪಿದಳು. ಕಣ್ಣಿದ್ದ ನಾನು ಬಣ್ಣ ಹೊಂದಿದರೆ ಸಾಕು ಎಂದುಕೊಂಡಿದ್ದೆ.

ಹೀಗೆ ಕಾಲು, ಮೊಣಕೈ, ಕೆನ್ನೆ, ಗಲ್ಲ ಎಲ್ಲದರಿಂದಲೂ ಆಕೆ ಪುಸ್ತಕವನ್ನು ಓದಿದಳು. ಹಸಿದ ರಾಕ್ಷಸನ ಹೊಟ್ಟೆಯ ತೂತಿನಲ್ಲಿ ಕಿರುಬೆರಳು ಹಾಕಿ "ಉಪ್ಪ ಅದಾವೇನ್ ನೋಡು" ಎಂದು ರೇಗಿಸಿದಳು, ಅದೂ ಕಾಲಿನದೇ ಕಿರುಬೆರಳು. ಕೊನೆಯ ಪುಟಕ್ಕೆ ಬಂದಾಗ ಮಾತ್ರ ಆಟ ನಿಂತಿತು.

"ಇಲ್ಲಿ ಒಂದು ಮಂಚ ಐತಿ. ಹೊದಿಕಿ ಹೊಚ್ಚಿ ಯಾರೋ ಮಲಗ್ಯಾರ. ಎತ್ತಬ್ಯಾಡ್ರಿ, ನಾನಿಲ್ಲಿ ಇಲ್ಲ ಅಂತಾರ" ಎಂದು ಹೇಳಿದೆ.

"ಇಲ್ಲ ಅಂದ್ರ ಹೆಂಗ ಮಾತಾಡ್ತಾರ? ಅದಾರ. ಯಾರ್ರಿ ಅವರು?"

"ಹೊದಿಕಿ ಎತ್ತಿದರ ಗೊತ್ತಾಗತೈತಿ."

ಕಾಲಿನಿಂದ ಎತ್ತಲು ನೋಡಿದಳು. ಬಟ್ಟೆ ತೆಳ್ಳಗಿತ್ತು, ಜಾರಿತು. ಮೊಣಕೈ ಆಗಲಿಲ್ಲ. ಬಗ್ಗಿ ಹಲ್ಲಿನಿಂದ ಹಿಡಿಯಹೋದಾಗ ಆಯಿ ಜಡೆ ಹಿಡಿದು ಎಬ್ಬಿಸಿದಳು. "ನೀವ ಎತ್ತಿ ಹೇಳ್ರಿ" ಎಂದಳು ಬೀಬಿ. ಅದು ಎರಡು ಬೆರಳ ಕೆಲಸ. ನಾನು ಎತ್ತಲಿಲ್ಲ. ಮಾಸ್ತರರು ಬಲವಂತ ಬೇಡ ಎಂದದ್ದು ನನಗೆ ಗೊತ್ತಿತ್ತು, ಆದರೆ ಸುಮ್ಮನೆ ಕೂರುವುದು ಬಲವಂತ ಅಲ್ಲವಲ್ಲ. ಆಕೆಯೂ ಹಟಮಾರಿ, ನಾನೂ ಹಟಮಾರಿ. ವಾರವೊಂದು ಹಾಗೇ ಕಳೆಯಿತು. ಬೀಬಿ ದಿನಾ ಬೆನ್ನು ತುರಿಸಿ, ನಾಲಿಗೆ ಜಗ್ಗಿಸಿ, ಊಟ ಹಾಕಿ, ಕೊನೆಯ ಪುಟಕ್ಕೆ ಬಂದು ಗಲ್ಲವನ್ನು ಆ ಹೊದಿಕೆಯ ಮೇಲಿಟ್ಟು ಸುಮ್ಮನೆ ಕೂರುವಳು. ಒಳಗಿನವನ ಉಸಿರು ಕೇಳುತ್ತದೆಯೋ ಎಂದು ಆಲಿಸುತ್ತಿದ್ದಳು ಅಂತ ಕಾಣುತ್ತದೆ. ನಾನು ರಾತ್ರಿ ಚಾಪೆಯ ಮೇಲೆ ಬಿದ್ದುಕೊಂಡು, ಇಷ್ಟು ಸಣ್ಣ ಹುಡುಗಿಯ ಜೊತೆ ಹಟ ಹಿಡಿದು ಏನು ಸಾಧಿಸುತ್ತಿದ್ದೇನೆ ಎಂದು ನಾಚಿಕೊಳ್ಳುತ್ತಿದ್ದೆ. ನಾಳೆ ಎತ್ತಿ ಹೇಳಿಬಿಡೋಣ ಎಂದುಕೊಂಡು ಮಲಗುವುದು, ಮರುದಿನ ಮತ್ತೆ ಅದೇ.

ಒಂದು ದಿನ ಆಕೆಗೆ ತಡೆಯಲಾಗಲಿಲ್ಲ. "ಖರೆ ಹೇಳ್ರಿ ಅಕ್ಕೋರ, ನೀವು ನೋಡೀರಿ. ನಿಮಗ ಕಣ್ಣದಾವ. ನನಗ ಅಷ್ಟ ಹೇಳವಲ್ರಿ."

ನಾನು "ನಾ ಎಲ್ಲಿ ನೋಡೇನಿ? ಈ ಪುಟ ಬಂದಾಗ ನಾನೂ ಕಣ್ಣ ಮುಚ್ಚಿಕೊಂತೇನಿ" ಎಂದೆ.

"ಸುಳ್ಳು."

"ಖರೇನ ಬೀಬಿ. ಈಗೂ ಮುಚ್ಚೇನಿ." ಸುಳ್ಳಾಗಬಾರದೆಂದು ನಿಜವಾಗಿಯೂ ಮುಚ್ಚಿಕೊಂಡೆ.

"ಮುಚ್ಚೀರಿ ಅಂತ ನನಗ ಹೆಂಗ ಗೊತ್ತಾಗಬೇಕು?"

 ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಗಾದಿ ಸರಿದ ಸಪ್ಪಳವಾಯಿತು. ಬೀಬಿಯ ಉಸಿರು ನನ್ನ ಮುಖಕ್ಕೆ ತಾಗಿತು. ಹಾಲು ಮತ್ತು ಕೊಬ್ಬರಿ ಎಣ್ಣೆಯ ವಾಸನೆ. ಆಮೇಲೆ ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಏನೋ ಮೆತ್ತಗೆ ಬಂದು ಕೂತಿತು. ಮೊದಲು ಒಂದು ಬೆರಳು, ಅದರ ಹಿಂದೆ ಇನ್ನೊಂದು, ಕೊನೆಗೆ ಇಡೀ ಅಂಗೈ. ಹಸುಗೂಸಿನ ಕೈಯಷ್ಟು ಮೃದು, ನಡುವೆ ಸುಟ್ಟ ಜಾಗದಲ್ಲಿ ಮಾತ್ರ ನುಣ್ಣನೆಯ ಒಂದು ಗೆರೆ. ಬೆವೆತಿತ್ತು. ಎಡಗಣ್ಣು ಮುಚ್ಚಿದೆ ಎಂದು ಖಾತ್ರಿಯಾದ ಮೇಲೆ ಬಲಗಣ್ಣಿಗೂ ಹೋಗಿ ರೆಪ್ಪೆಗೂದಲನ್ನು ಸವರಿ ನೋಡಿತು.

 ದೊಡ್ಡ ಹಕ್ಕಿಯೊಂದು ತಾನಾಗಿಯೇ ಬಂದು ಹೆಗಲ ಮೇಲೆ ಕೂತರೆ ಹೇಗಿದ್ದೀತೋ ಹಾಗೆ ಅಲುಗಾಡದೆ ಕೂತೆ.

"ಹೂಂ, ಮುಚ್ಚೀರಿ" ಎಂದಳು ಬೀಬಿ. "ತೆರೀಬ್ಯಾಡ್ರಿ ಮತ್ತ." ಒಂದು ಕೈಯನ್ನು ನನ್ನ ಕಣ್ಣಿನ ಮೇಲೆ ಕಾವಲಿಟ್ಟು ಇನ್ನೊಂದನ್ನು ಕೆಳಗಿಳಿಸಿದಳು. ಹಾಳೆಯ ಮೇಲೆ ಉಗುರು ಗೀರಿದ ಸಪ್ಪಳ ಕೇಳಿತು. ಬಟ್ಟೆ ಎತ್ತಿದ ಸಪ್ಪಳ ಇರುತ್ತದೆಂದು ನನಗೆ ಗೊತ್ತಿರಲಿಲ್ಲ, ಅದೂ ಕೇಳಿತು.

ಹೊದಿಕೆಯ ಕೆಳಗೆ ಏನಿದೆ ಎಂಬುದು ನನಗೆ ಗೊತ್ತಿತ್ತು. ಹೆಬ್ಬೆರಳಿನಷ್ಟು ಪುಟ್ಟ ರಾಕ್ಷಸ, ಮುಖವನ್ನು ಎರಡೂ ಕೈಗಳಿಂದ ಮುಚ್ಚಿಕೊಂಡವನು. ಆದರೆ ಅವನು ಬರೀ ಬಣ್ಣದಲ್ಲಿ ಅಚ್ಚಾದವನು. ಬೆರಳಿಗೆ ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ವಾರವಿಡೀ ಹಟ ಹಿಡಿದಿದ್ದ ನನಗೆ ಈ ಸಂಗತಿ ಹೊಳೆದದ್ದು ಆ ಕ್ಷಣದಲ್ಲಿ.  ಬರಿದಾದ ಹಾಳೆಗೋಸ್ಕರ ಈ ಹುಡುಗಿಯ ಕೈ ಬಿಚ್ಚಿಸಿದೆನೇ ಎಂದುಕೊಂಡೆ.

ಬೆರಳುಗಳು ಹಾಳೆಯ ಮೇಲೆ ಹೋದವು, ಬಂದವು. "ಇಲ್ಲಿ ಯಾರೂ ಇಲ್ರಿ" ಎಂದಳು ಬೀಬಿ. ನಾನು ಬಾಯಿ ತೆರೆಯುವ ಮೊದಲೇ ಆಕೆ ನಗತೊಡಗಿದಳು. "ನನ್ನ ಕೈಗೆ ಅಂಜಿ ಓಡಿಹೋಗ್ಯಾನ."

ಆಮೇಲೆ ದನಿ ತಗ್ಗಿಸಿ, "ಹೊಳ್ಳಿ ಬಾ ಅನ್ರಿ ಅಕ್ಕೋರ. ನಾ ಸುಡಂಗಿಲ್ಲ ಅಂತ ಹೇಳ್ರಿ ಅಂವಗ" ಎಂದಳು.

ನಾನು ಕಣ್ಣು ತೆರೆದಾಗ ಆಯಿ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಮೊರವನ್ನು ಸಪ್ಪಳವಾಗದಂತೆ ಕೆಳಗಿಟ್ಟು, ಹೊಸ್ತಿಲ ಮೇಲೆ ಕುಸಿದು ಕೂತು, ಒಳಗೆ ತಿರುಗಿ ಪಿಸುಗುಟ್ಟಿದಳು: "ಫಾತಿಮಾ, ಕೈಯಾಗಿಂದು ಬಿಟ್ಟ ಬಾ. ಮಾತಾಡಬ್ಯಾಡ, ಬಂದ ನೋಡು." ಫಾತಿಮಾ ಬಂದು ಅತ್ತೆಯ ಹೆಗಲ ಮೇಲೆ ಕೈಯಿಟ್ಟು ನಿಂತಳು. ಬೀಬಿ ಇನ್ನೂ ಹೊದಿಕೆ ಎತ್ತಿ ಮುಚ್ಚಿ ಮಾಡುತ್ತಲೇ ಇದ್ದಳು.

ಓಡಿಹೋದವನು ವಾಪಸು ಬರಬೇಕಾದರೆ ಅವನಿಗೆ ಮೈ ಬೇಕಲ್ಲ. ಮಧ್ಯಾಹ್ನ ಬೀಬಿ ಆಯಿಯ ಸೆರಗು ಹಿಡಿದು ಅಪ್ಪನ ಅರಳೆ ಕೋಣೆಗೆ ಹೋದಳು. ದಾವಲಸಾಬರು ಬಿಲ್ಲು ಮೀಟುವುದನ್ನು ನಿಲ್ಲಿಸಿದರು. ಮಗಳು ಅಂಗೈ ಚಾಚಿ ನಿಂತದ್ದನ್ನು ನೋಡಿ ಅರಳೆಯ ರಾಶಿಯನ್ನು ಆಕೆಯ ಮುಂದೆ ಸರಿಸಿದರು.

"ಎಷ್ಟ ಬೇಕವ್ವಾ?"

"ಅಂವಂದು ಹೊಟ್ಟಿ ತುಂಬೂವಷ್ಟು."

ಆ ಅರಳೆಯಿಂದ ಹೊಟ್ಟೆ ಆಯಿತು. ತೆಂಗಿನ ನಾರಿನ ಗಡ್ಡ, ಹುಣಸೆಬೀಜದ ಹಲ್ಲು, ಗೋಣಿತಟ್ಟಿನ ಕಾಲು. ಎಲ್ಲವನ್ನೂ ಕೊನೆಯ ಪುಟದ ಹೊದಿಕೆಯ ಕೆಳಗೆ ನಾನು ಹೊಲೆದು, ಅಂಟಿಸಿ ಕೂರಿಸಿದೆ. ಪ್ರತಿಯೊಂದನ್ನೂ ಬೀಬಿ ಮೊದಲು "ಬಿಸಿ ಐತೇನು?" ಎಂದು ಕೇಳಿ ಆಮೇಲೆ ಮುಟ್ಟುತ್ತಿದ್ದಳು. ಅಡುಗೆಮನೆಯ ಕಡೆ ಆಕೆಯ ಕೈ ಇನ್ನೂ ಹೋಗುತ್ತಿರಲಿಲ್ಲ, ಒಲೆಯ ಸಪ್ಪಳ ಕೇಳಿದರೆ ಮುಷ್ಟಿ ಮತ್ತೆ ಬಿಗಿಯುತ್ತಿತ್ತು. ಆದರೆ ಉಳಿದ ಜಗತ್ತಿನ ಮೇಲೆ ಆಕೆ ದಾಳಿಯಿಟ್ಟಳು. ನನ್ನ ಕೋಣೆಯಲ್ಲಿ ಆಕೆ ಮುಟ್ಟದ ಸಾಮಾನು ಉಳಿಯಲಿಲ್ಲ. ನನ್ನ ಮೂಗು ಮುಟ್ಟಿ ನೋಡಿ, "ರಾಕ್ಷಸಂದಕ್ಕಿಂತ ದೊಡ್ಡದೈತಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಗೋಡೆಯ ಗಿಲಾವು ಹೀಗಿದೆ, ಬೆಲ್ಲದ ಬುಡ ಹೀಗಿದೆ, ಒಣಗಿದ ಮೆಣಸಿನಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಓಡಾಡುತ್ತವೆ ಎಂದೆಲ್ಲ ನಾನು ತಿಳಿದುಕೊಂಡದ್ದು ಆ ಒಂದು ತಿಂಗಳಿನಲ್ಲಿ. ಆಕೆಯ ಜೊತೆ ಕಣ್ಣು ಮುಚ್ಚಿಕೊಂಡು ಕೂರದಿದ್ದರೆ ಆಟದಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ನನಗೆ ಸಮಸ್ಯೆಯಾಯಿತು. ಕೊನೆಯ ಪುಟದಲ್ಲಿ ಅರಳೆಯ ರಾಕ್ಷಸ ಉಬ್ಬಿಕೊಂಡು ಮಲಗಿದ್ದರಿಂದ ಪುಸ್ತಕ ಮುಚ್ಚುತ್ತಲೇ ಇರಲಿಲ್ಲ. ಹಾಗೆಯೇ ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟೆ. ಅವರು ನಾಲಿಗೆಯನ್ನು ಜಗ್ಗಿ ನೋಡಿದರು, ಪುಗ್ಗೆ ಚಟ್ಟೆಂದು ಕೈಗೆ ಹೊಡೆಯಿತು. ಪುಟ ತಿರುವಿ ಗಡ್ಡ ಮುಟ್ಟಿದರು. ಹೊಟ್ಟೆ ಅದುಮಿದರು, ಬಿಟ್ಟರು, ಮತ್ತೆ ಅದುಮಿದರು. ಆಮೇಲೆ ಟ್ರಂಕಿನಲ್ಲಿ ಇಡಲು ಹೋದರು. ಮುಚ್ಚಳ ಕೂರಲಿಲ್ಲ.

"ಇದು ಟ್ರಂಕಿನ್ಯಾಗ ಹಿಡಿಯಂಗಿಲ್ಲರಿ" ಎಂದರು ಬಹಳ ಗಂಭೀರವಾಗಿ. "ಹೊರಗ ಇಡಬೇಕಾಗತೈತಿ. ಒಂದನೇ ಇಯತ್ತೆದ ಹುಡುಗರಿಗೆ ಕೊಟ್ಟಬಿಡ್ರಿ."

ಆ ತಿಂಗಳಲ್ಲೇ ದಾವಲಸಾಬರು ಮಗಳನ್ನು ಗದಗಿಗೆ ಕರೆದುಕೊಂಡು ಹೊರಟರು. ಜೊತೆಗೆ ಬರಬೇಕೆಂದು ನನ್ನನ್ನೂ ಕೇಳಿಕೊಂಡರು. ಶಿರಹಟ್ಟಿಯ ಮೇಲೆ ಹೋಗುವ ಬಸ್ಸು. ಬೀಬಿಗಾಗಿ ತಾವೇ ಹೊಲೆದಿದ್ದ ಪುಟ್ಟ ಗಾದಿಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಬೀಬಿ ಮುಂದಿನ ಸೀಟಿನ ಕಂಬಿ ಮುಟ್ಟಿದಳು, ಕಂಡಕ್ಟರರ ಚೀಲ ಮುಟ್ಟಿದಳು, ಪಕ್ಕದ ಹೆಂಗಸಿನ ಬುಟ್ಟಿಯಲ್ಲಿ ಕೈಯಿಟ್ಟು ಒದ್ದೆ ಮೆಂತ್ಯಪಲ್ಯೆ ಹಿಡಿದು "ಇದಕ್ಕ ಕೂದಲ ಅದಾವು" ಎಂದಳು. ಆ ಹೆಂಗಸು ಒಂದು ಸಿವುಡು ತೆಗೆದು ಆಕೆಯ ಮಡಿಲಿಗೆ ಹಾಕಿದಳು.

ಆ ಶಾಲೆಯ ಮಾಸ್ತರರಿಗೂ ಕಣ್ಣು ಕಾಣುತ್ತಿರಲಿಲ್ಲ. ಬೀಬಿಯ ದನಿ ಗುರುತು ಹಿಡಿದು, "ಬಂದೀಯವಾ? ಕೈ ಕೊಡು ನೋಡೋಣು" ಎಂದರು.

"ನಿಮ್ಮದ ಮೊದಲ ಕೊಡ್ರಿ" ಎಂದಳು ಬೀಬಿ.

ಅವರು ನಕ್ಕು ಕೈ ಚಾಚಿದರು. ಬೀಬಿ ಅವರ ಒಂದೊಂದು ಬೆರಳನ್ನೂ ಹಿಡಿದು ನೋಡಿ, "ತುದಿ ಭಾಳ ನುಣ್ಣಗ ಅದಾವ್ರಿ" ಎಂದಳು.

"ಓದಿ ಓದಿ ಹಂಗ ಆಗ್ಯಾವ." ಅವರು ಆಕೆಯ ತೋರುಬೆರಳನ್ನು ಒಂದು ದಪ್ಪ ಹಾಳೆಯ ಮೇಲಿಟ್ಟರು. "ಏನೈತಿ ಇಲ್ಲಿ?"

"ಗುಳ್ಳಿ. ಎರಡು. ಒಂದರ ಕೆಳಗ ಒಂದು."

"ಅದು 'ಬ'. ನಿನ್ನ ಹೆಸರಿನಾಗಿಂದು."

ಬೀಬಿ ಬೆರಳನ್ನು ಆ ಎರಡು ಚುಕ್ಕಿಗಳ ಮೇಲೆ ಆಡಿಸುತ್ತ, ತುಟಿ ತೆರೆದು ಕೂತಳು. ಪಕ್ಕದಲ್ಲಿ ಇನ್ನೇನೋ ಸಿಕ್ಕಿತು, ಬೆರಳು ಅತ್ತ ಹೋಯಿತು. ಆ ಮುಖವನ್ನು ಹೇಗೆ ವರ್ಣಿಸಲಿ? ಕತ್ತಲ ಕೋಣೆಯಲ್ಲಿ ದೀಪ ಹಚ್ಚಿದಂತೆ ಎಂದು ಬರೆಯುವುದು ಸುಲಭ, ಆದರೆ ಆಕೆಗೆ ಕತ್ತಲೂ ಗೊತ್ತಿರಲಿಲ್ಲ, ದೀಪವೂ ಗೊತ್ತಿರಲಿಲ್ಲ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಆ ಹೊತ್ತು ನನಗೆ ಕೈ ಮುಗಿಯಬೇಕೆನ್ನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

ಹೊರಡುವ ಹೊತ್ತಿಗೆ ದಾವಲಸಾಬರು ಗಾದಿಯನ್ನು ಹಾಸಿಗೆಯ ಜಾಗದಲ್ಲಿ ಹಾಸಿ, ಎರಡು ಸಲ ಸವರಿ, ಮಗಳ ಬಳಿ ಬಂದು "ಹೋಗಿ ಬರ್ತೇನವ್ವಾ" ಎಂದರು. "ಹೂಂ" ಎಂದಳು ಬೀಬಿ, ಬೆರಳೆತ್ತದೆ. ವಾಪಸು ಬರುವ ಬಸ್ಸಿನಲ್ಲಿ ಅವರು ಶಿರಹಟ್ಟಿ ದಾಟಿದ ಮೇಲೆ, "ಸ್ವಲ್ಪರ ಅತ್ತಿದ್ದರ ನನಗ ಸಮಾಧಾನ ಆಕ್ಕಿತ್ತರಿ, ಅಕ್ಕೋರ" ಎಂದು ರುಮಾಲಿನಿಂದ ಮುಖ ಒರೆಸಿಕೊಂಡರು.

ದಸರೆಯ ರಜೆಗೆ ಬೀಬಿ ಬಂದಳು. ಬರುವಾಗ ಒಂದು ದಪ್ಪ ಹಾಳೆ ತಂದಿದ್ದಳು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದೆವು. ಆಯಿ, ಫಾತಿಮಾ, ಬಿಲ್ಲು ಒರಗಿಸಿ ಬಂದ ದಾವಲಸಾಬರು, ನಾನು. ಬೀಬಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದಳು. ನಾಲ್ಕೈದು ಸಣ್ಣ ವಾಕ್ಯಗಳು, ಹಸು ಹುಲ್ಲು ತಿನ್ನುವುದರ ಬಗ್ಗೆ. ಮಗು ಮೊದಲ ಸಲ ನಡೆಯುವಾಗ ಉಸಿರು ಬಿಗಿಹಿಡಿಯುತ್ತೇವಲ್ಲ, ಹಾಗೆ ಕೇಳುತ್ತಿದ್ದೆವು. ಬಗ್ಗಿ ನೋಡಿದರೆ ನನಗೆ ಕಂಡದ್ದು ಬರೀ ಬಿಳಿ ಹಾಳೆ. ಅಕ್ಷರವೊಂದೂ ಇಲ್ಲದ ಹಾಳೆಯಿಂದ ಆ ಹುಡುಗಿ ಹಸುವನ್ನೂ ಹುಲ್ಲನ್ನೂ ತೆಗೆದು ತೆಗೆದು ಕೊಡುತ್ತಿದ್ದಳು.

"ಅಕ್ಕೋರ, ಕೈ ಕೊಡ್ರಿ. ನೀವೂ ಓದ್ರಿ" ಎಂದಳು.

ಕಣ್ಣು ಮುಚ್ಚಿ ಬೆರಳು ಕೊಟ್ಟೆ. ಆಕೆ ಅದನ್ನು ಸಾಲಿನ ಮೇಲೆ ನಡೆಸಿದಳು. ನನಗೆ ಏನೂ ತಿಳಿಯಲಿಲ್ಲ. ರವೆ ಚೆಲ್ಲಿದ ನೆಲದ ಮೇಲೆ ಕೈಯಾಡಿಸಿದಂತಾಯಿತು.

"ಒತ್ತಬ್ಯಾಡ್ರಿ. ಮೆಲ್ಲಕ" ಎಂದು ಗದರಿಸಿದಳು.

ಮೆಲ್ಲಗೆ ಹೋದೆ. ಸಾಲಿನ ಕೊನೆಯಲ್ಲಿ ಬೆರಳಿಗೆ ಒಂದು ಚುಕ್ಕಿ ಸ್ಪಷ್ಟವಾಗಿ ಸಿಕ್ಕಿತು. ಗಟ್ಟಿಯಾಗಿ, ಎದ್ದು ನಿಂತಿತ್ತು. "ಸಿಕ್ಕಿತು ಬೀಬಿ, ಇಲ್ಲೊಂದು ಐತಿ ನೋಡು" ಎಂದೆ, ಪರೀಕ್ಷೆ ಪಾಸಾದವಳ ಹಾಗೆ.

ಬೀಬಿ ಅಲ್ಲಿ ಬೆರಳಿಟ್ಟು ಮುಟ್ಟಿ ನೋಡಿದಳು. "ಅದು ಅಕ್ಷರ ಅಲ್ರಿ. ಅನ್ನದ ಅಗಳು."

ದಾವಲಸಾಬರು ಮುಖ ತಿರುಗಿಸಿ ನಕ್ಕರು. ಬೀಬಿ ನಗಲಿಲ್ಲ. ಒಣಗಿದ ಆ ಅಗಳನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದಳು, ಊದಿದಳು, ಬೆರಳಿಟ್ಟು ನೋಡಿದಳು. ಕೆಳಗೆ ಒಂದು ಅಕ್ಷರವಿತ್ತು. ಅದನ್ನು ಓದಿಕೊಂಡು ಮುಂದಿನ ಸಾಲಿಗೆ ಹೋದಳು.